ಸೊನ್ನೆಯ ಮೇಲೊಂದು ಗೆರೆ

ಝೆರಾಕ್ಸ್ ಯಂತ್ರದ ಮುಚ್ಚಳದ ಸಂದಿಯಲ್ಲಿ ಹಸಿರು ಬೆಳಕೊಂದು ಎಡದಿಂದ ಬಲಕ್ಕೆ ಹೋಗಿ, ಏನೋ ಮರೆತವರ ಹಾಗೆ ವಾಪಸು ಬಂತು, ಯಾರೂ ಕಾಗದ ಇಟ್ಟಿಲ್ಲ, ಯಾರೂ ಗುಂಡಿ ಒತ್ತಿಲ್ಲ, ಅದರಷ್ಟಕ್ಕೆ ಅದೇ ಎದ್ದು ಮೈಮುರಿದು ಮತ್ತೆ ಮಲಗಿತು — ನನ್ನ ದಿನಚರಿ ನೋಡುವ ಡೈರಿ ಮೇಡಂ ಇದ್ದಿದ್ದರೆ ಅದಕ್ಕೆ ವಯಸ್ಸಾಯ್ತು ಬಿಡಿ ಅನ್ನುತ್ತಿದ್ದರು, ಅವರಿಲ್ಲ, ಡಾಕ್ಟರ ಕೋಣೆಗೆ ಹೋಗಿದ್ದಾರೆ, ಐದು ನಿಮಿಷ ಕೂತಿರಿ, ರಿಪೋರ್ಟ್ ಬಂದಿದೆ, ಡಾಕ್ಟರೇ ಹೇಳ್ತಾರೆ ಅಂದು ಹೋದವರು, ಹಾಗೆ ಅನ್ನುವಾಗ ಅವರ ಮುಖ ಹೇಗಿತ್ತೋ ನಾನು ನೋಡಲಿಲ್ಲ, ನೋಡಬಾರದೆಂದೇ ಅವರ ಚಪ್ಪಲಿ ನೋಡುತ್ತಾ ಕೂತೆ, ಎಡಗಾಲಿನ ಪಟ್ಟಿ ಕಿತ್ತು ಬಂದಿದೆ, ಹೊಲಿಸಬೇಕು ಅವರು. ಕಳೆದ ವಾರ ನನ್ನ ಕರುಳಿನಿಂದ ಹನ್ನೆರಡು ಚೂರು ಕಿತ್ತು ತೆಗೆದರು, ಸಾಸಿವೆ ಕಾಳಿನಷ್ಟಿದ್ದವಂತೆ, ಹನ್ನೆರಡು ಪುಟ್ಟ ಬಾಟಲಿ, ಒಂದೊಂದರ ಮೇಲೂ ನನ್ನ ನಂಬರು, ಈ ಕಟ್ಟಡದಲ್ಲಿ ನನಗೆ ಹೆಸರಿಲ್ಲ, ಸೊನ್ನೆ ನಾಲ್ಕು ಹದಿನೇಳು ಅಷ್ಟೇ, ಆ ಸಾಸಿವೆಗಳಲ್ಲಿ ಕ್ಯಾನ್ಸರಿನ ಸುಳಿವು ಸಿಕ್ಕಿದ್ದರೆ ದೊಡ್ಡ ಕರುಳನ್ನು ಪೂರ್ತಿ ತೆಗೆಯಬೇಕು, ಹೊಟ್ಟೆಯ ಮೇಲೊಂದು ಚೀಲ ಅಂಟಿಸಿಕೊಂಡು ಬದುಕಬೇಕು, ಸಿಕ್ಕಿರದಿದ್ದರೆ ಎದ್ದು ಮನೆಗೆ ಹೋಗಬಹುದು, ನಡುವೆ ಮೂರನೆಯದಿಲ್ಲ. ಹೆಂಡತಿ ನಾನೂ ಬರ್ತೀನಿ ಅಂದಳು, ಬೇಡ ಕೆಲಸಕ್ಕೆ ಹೋಗು ಅಂದೆ, ಅವಳು ಬಟ್ಟೆ ಕಾರ್ಖಾನೆಯಲ್ಲಿ ಹೊಲಿದ ಅಂಗಿಗಳ ತಪ್ಪು ಹುಡುಕುವವಳು, ಎದುರಿಗೆ ಕೂತರೆ ನನ್ನನ್ನೂ ಕಾಲರಿನಿಂದ ಅಂಚಿನವರೆಗೆ ಒಮ್ಮೆ ನೋಡಿಬಿಡುತ್ತಾಳೆ, ಇವತ್ತು ಹಾಗೆ ನೋಡಿಸಿಕೊಳ್ಳುವ ಶಕ್ತಿ ನನಗಿಲ್ಲ.

ಹನ್ನೆರಡು ವರ್ಷ ಆಯಿತು, ಮೂವತ್ತು ತುಂಬಿದ ವರ್ಷವೇ ಶುರುವಾದದ್ದು, ಕರುಳಿನ ಒಳಮೈಯೆಲ್ಲ ಹುಣ್ಣು, ಕೆಲವು ತಿಂಗಳು ಸುಮ್ಮನಿರುತ್ತದೆ, ಇನ್ನೇನು ಮರೆತೆ ಅನ್ನುವಷ್ಟರಲ್ಲಿ ರಕ್ತ, ದಿನಕ್ಕೆ ಎಂಟು ಸಲ ಹತ್ತು ಸಲ ಓಟ, ಯಾಕೆ ಬಂತು ಅಂತ ಕೇಳಿದರೆ ಡಾಕ್ಟರು, ನಿಮ್ಮ ಮೈ ಕಾಯೋ ಪಡೆ ನಿಮ್ಮ ಕರುಳನ್ನೇ ಕಳ್ಳ ಅಂದ್ಕೊಂಡು ಹೊಡೀತಾ ಇದೆ ಅಂದರು, ಒಳ್ಳೆ ಕಾವಲುಗಾರರು ಸಿಕ್ಕರು ನನಗೆ. ಬೇರೆ ಕೆಲಸದವನಾಗಿದ್ದರೆ ಹೇಗೋ ನಡೆದುಹೋಗುತ್ತಿತ್ತು, ನಾನು ಕೂರುವುದು ಟವರ್ ಕ್ರೇನಿನ ಮೇಲೆ, ನೆಲದಿಂದ ಅರವತ್ತು ಮೀಟರ್, ಗಾಜಿನ ಗೂಡು, ಒಂದು ಕುರ್ಚಿ, ಎರಡು ಹಿಡಿಕೆ, ಇಳಿಯಲು ಏಣಿಯಲ್ಲಿ ಹನ್ನೆರಡು ನಿಮಿಷ, ಹೊಟ್ಟೆ ತಿರುಚಿ ಬಂದಾಗ ಹನ್ನೆರಡು ನಿಮಿಷ ಅಂದರೆ ಎಷ್ಟು ಉದ್ದ ಅನ್ನುವುದು ನೆಲದ ಮೇಲಿನವರಿಗೆ ತಿಳಿಯುವುದಲ್ಲ. ಒಂದು ದಿನ ಏಣಿಯ ಅರ್ಧದಲ್ಲೇ ಆಗಬಾರದ್ದು ಆಗಿಹೋಯಿತು, ಕಂಪನಿಯ ಡಾಕ್ಟರು ನನ್ನನ್ನು ಕೆಳಗಿಳಿಸಿದರು, ಎರಡು ವರ್ಷ ಸಿಮೆಂಟ್ ಚೀಲ ಎಣಿಸುವ ಕೆಲಸ, ಕತ್ತೆತ್ತಿ ಮೇಲೆ ನೋಡುವುದನ್ನೇ ಬಿಟ್ಟಿದ್ದೆ, ಮೇಲೆ ಕೂತು ಕೆಲಸ ಮಾಡಿದವನಿಗೆ ಕೆಳಗೆ ಸದ್ದು ಜಾಸ್ತಿ, ಎಲ್ಲರೂ ಒಟ್ಟಿಗೆ ಮಾತಾಡುತ್ತಾರೆ, ಮೇಲೆ ನನ್ನ ಕಿವಿಯಲ್ಲಿ ಒಂದೇ ಒಂದು ದನಿ ಇರುತ್ತಿತ್ತು, ಕೆಳಗೆ ನಿಂತು ವಾಕಿಟಾಕಿಯಲ್ಲಿ ನನಗೆ ದಾರಿ ಹೇಳುವ ಸಿಗ್ನಲ್ಲಿನವನದು, ಅವನನ್ನು ಎಲ್ಲರೂ ಗಂಟ್ಲು ಅಂತ ಕರೆಯುವುದು, ವಾಕಿಟಾಕಿ ಇಲ್ಲದೆಯೂ ಕೇಳಿಸುವಂಥ ಗಂಟಲು, ನನ್ನನ್ನು ಅವನು ಹದ್ದು ಅನ್ನುತ್ತಾನೆ, ಹನ್ನೊಂದು ವರ್ಷ ಅವನ ಕಣ್ಣು ನನ್ನ ಕೈ. ಆಮೇಲೆ ಈ ಅಧ್ಯಯನ ಬಂತು, ಹೊಸ ಮಾತ್ರೆಯ ಪ್ರಯೋಗ, ಇಪ್ಪತ್ತೆರಡು ಪುಟದ ಒಪ್ಪಿಗೆ ಪತ್ರ, ಅರ್ಧದಷ್ಟು ಜನಕ್ಕೆ ನಿಜವಾದ ಔಷಧಿ, ಉಳಿದವರಿಗೆ ಅದೇ ಬಣ್ಣದ ಅದೇ ರುಚಿಯ ಖಾಲಿ ಮಾತ್ರೆ, ನಿಮ್ಗೆ ಯಾವುದು ಸಿಗುತ್ತೆ ಅಂತ ನಿಮ್ಗೂ ಗೊತ್ತಾಗಲ್ಲ, ನನಗೂ ಗೊತ್ತಿರಲ್ಲ ಅಂದರು ಡಾಕ್ಟರು, ಮತ್ತೆ ಯಾರಿಗೆ ಗೊತ್ತು ಅಂದೆ, ಕಂಪ್ಯೂಟರಿಗೆ ಅಂದರು, ಸಹಿ ಹಾಕಿದೆ. ನೀಲಿ ಮಾತ್ರೆ, ಬೆಳಿಗ್ಗೆ ಒಂದು ಸಂಜೆ ಒಂದು, ಎರಡು ತಿಂಗಳಿಗೆ ರಕ್ತ ನಿಂತಿತು, ಮೂರನೇ ತಿಂಗಳಿಗೆ ಡಾಕ್ಟರ ಪತ್ರ ಹಿಡಿದುಕೊಂಡು ಮತ್ತೆ ಏಣಿ ಹತ್ತಿದೆ, ಸುಣ್ಣದ ಮಾತ್ರೆ ತಿಂದು ವಾಸಿಯಾದವನು ಭೂಮಿ ಮೇಲೆ ನೀನೊಬ್ನೇ ಕಣೋ ಅಂತ ಗಂಟ್ಲು ನಗುತ್ತಿದ್ದ, ಸುಣ್ಣವೋ ಔಷಧಿಯೋ, ನನ್ನ ಗಾಜಿನ ಗೂಡು ನನಗೆ ಸಿಕ್ಕಿತು, ಗಾಜು ಒರೆಸಿ ಕೂತಾಗ ಕೆಳಗೆ ಊರೆಲ್ಲ ಆಗತಾನೇ ತೊಳೆದಿಟ್ಟ ಹಾಗೆ ಕಾಣುತ್ತಿತ್ತು.

ಡೈರಿ ಅಂದರೆ ಅಂಗೈ ಅಗಲದ ಪುಸ್ತಕ, ದಿನಕ್ಕೊಂದು ಪುಟ, ಎಷ್ಟು ಸಲ ಹೋದಿರಿ, ರಕ್ತ ಇತ್ತೇ, ನೋವು ಇತ್ತೇ, ಅಂಕಿ ಬರೆದು ಸಹಿ ಹಾಕುವುದು, ತಿಂಗಳಿಗೊಮ್ಮೆ ಮೇಡಂ ಅದನ್ನು ಬೆರಳಿಟ್ಟು ಓದುತ್ತಿದ್ದರು, ಅದಕ್ಕೇ ಅವರು ನನಗೆ ಡೈರಿ ಮೇಡಂ. ಏಳನೇ ತಿಂಗಳಲ್ಲಿ ಒಂದು ಬೆಳಿಗ್ಗೆ ನೀರು ಕೆಂಪಾಯಿತು. ಇವತ್ತೊಂದು ದಿನ ಏನೋ ಹೆಚ್ಚುಕಮ್ಮಿ ಇರಬೇಕು ಅಂದುಕೊಂಡೆ, ರಕ್ತದ ಮನೆಯಲ್ಲಿ ಸೊನ್ನೆ ಬರೆದೆ, ಮರುದಿನವೂ ಕೆಂಪು, ಮರುದಿನವೂ ಸೊನ್ನೆ, ಮೊದಲ ಸೊನ್ನೆ ಸೊಟ್ಟಗೆ ಬಂತು, ಹತ್ತನೆಯದು ದುಂಡಗಾಯಿತು, ನಿಜ ಬರೆದರೆ ಅಧ್ಯಯನದಿಂದ ಹೊರಗೆ ಹಾಕುತ್ತಾರೆ, ಮಾತ್ರೆ ನಿಲ್ಲುತ್ತದೆ, ಪತ್ರ ವಾಪಸು ಪಡೆಯುತ್ತಾರೆ, ಮತ್ತೆ ಸಿಮೆಂಟ್ ಚೀಲ, ಇಷ್ಟನ್ನೂ ಒಂದೇ ಸೊನ್ನೆ ತಡೆಯುತ್ತದೆ ಅಂದರೆ ಬರೆಯದೆ ಇರುವವರು ಯಾರು. ಮಲದ ಮಾದರಿ ತರುವ ಡಬ್ಬಿಯನ್ನು ಒಂದು ಸಲ ಮನೆಯಲ್ಲಿ ಮರೆತೆ, ಇನ್ನೊಂದು ಸಲ ಬಸ್ಸಿನಲ್ಲಿ ಮರೆತೆ, ಮರೆತೆ ಅಂತ ಹೇಳಿದೆ, ಮೇಡಂ ಹೊಸ ಡಬ್ಬಿ ಕೊಟ್ಟು ಈ ಸಲ ನೆನಪಿಡಿ ಆಯ್ತಾ ಅಂದರು, ಎಷ್ಟು ಮೆತ್ತಗೆ ಅಂದರು. ಆರು ವಾರ. ಬೆಳಿಗ್ಗೆ ತಿನ್ನದೆ ಹೋಗುವುದು, ಮಧ್ಯಾಹ್ನ ತಿನ್ನದೆ ಮೇಲೇ ಕೂರುವುದು, ತಿಂದರೆ ತಾನೇ ಹೋಗಬೇಕು, ಕಪ್ಪು ಪ್ಯಾಂಟು ಮಾತ್ರ ಹಾಕುವುದು, ಕೆಲಸದ ಜಾಗದ ನಲ್ಲಿಯಲ್ಲಿ ಒಗೆದು ಒದ್ದೆಯಲ್ಲೇ ಮನೆಗೆ ಬರುವುದು, ಮಳೆ ಬಂತಾ ಆ ಕಡೆ ಅಂತ ಹೆಂಡತಿ ಕೇಳಿದಳು, ಹೂಂ ಬಂತು ಅಂದೆ, ಅವಳು ಕಿಟಕಿಯ ಕಡೆ ನೋಡಿದಳು, ಆಕಾಶದಲ್ಲಿ ಒಂದು ತುಣುಕು ಮೋಡ ಇರಲಿಲ್ಲ, ಸರಿ ಬಟ್ಟೆ ಬದಲಾಯಿಸಿ ಅಂದಳು.

ಆರನೇ ವಾರ ಒಂದು ದಿನ ಕೊಕ್ಕೆಯಲ್ಲಿ ಕಬ್ಬಿಣದ ಸರಳಿನ ಕಟ್ಟು, ಎರಡು ಟನ್, ಒಂಬತ್ತನೇ ಮಹಡಿಗೆ ಇಳಿಸಬೇಕು, ಕೆಳಗೆ ಆರು ಜನ, ಅದರಲ್ಲೊಬ್ಬ ಹಳದಿ ಟೋಪಿ ತೆಗೆದು ತಲೆ ತುರಿಸಿಕೊಳ್ಳುತ್ತಿದ್ದ, ಅಷ್ಟು ಸ್ಪಷ್ಟವಾಗಿ ಕಂಡಿತ್ತು, ಆಮೇಲೆ ಕಾಣಲಿಲ್ಲ — ಅಂಚಿನಿಂದ ಕತ್ತಲೆ ಒಳಗೆ ಬಂತು, ಕಿವಿಯಲ್ಲಿ ಜೇನುಹುಳದ ಸದ್ದು, ಹೊಟ್ಟೆಯೊಳಗೆ ಯಾರೋ ಒದ್ದೆ ಬಟ್ಟೆ ಹಿಂಡಿದ ಹಾಗೆ, ಕೈ ತಾನಾಗಿ ಹಿಡಿಕೆ ಬಿಟ್ಟಿತು, ಬಿಟ್ಟರೆ ಬ್ರೇಕು ಬೀಳುತ್ತದೆ, ಕಟ್ಟು ಅವರ ತಲೆಯ ಮೇಲೆ ನಿಂತಿತು. ಹದ್ದೇ, ಯಾಕೆ ನಿಂತೆ, ಇಳಿಸು ಅಂದ ಗಂಟ್ಲು. ಎಲ್ರನ್ನೂ ಆಚೆ ಕಳಿಸು ಅಂದೆ. ಏನಾಯ್ತು ಅಂತ ಅವನು ಕೇಳಲಿಲ್ಲ, ಅದನ್ನು ನಾನು ಸಾಯುವ ತನಕ ಮರೆಯುವುದಿಲ್ಲ, ಕೇಳಿದ್ದರೆ ನಾನು ಏನೂ ಇಲ್ಲ ಅಂದುಬಿಡುತ್ತಿದ್ದೆ, ಅವನು ಎಲ್ಲರನ್ನೂ ಓಡಿಸಿ ಬಂದು, ಈಗ ಯಾರೂ ಇಲ್ಲ, ನಾನು ಮಾತ್ರ ಇದ್ದೀನಿ, ದೂರದಲ್ಲೇ ಇದ್ದೀನಿ, ಮೊದ್ಲು ಉಸಿರು ತಗೋ, ಆಮೇಲೆ ಒಂದೊಂದೇ ಅಡಿ ಬಿಡು, ನಾನು ಎಣಿಸ್ತೀನಿ ಅಂದ, ಎಣಿಸಿದ, ಕೂಗದೆ ಎಣಿಸಿದ, ಆ ಗಂಟಲಲ್ಲಿ ಅಷ್ಟು ಸಣ್ಣ ದನಿ ಇದೆಯೆಂದು ಯಾರಿಗೆ ಗೊತ್ತಿತ್ತು, ಹನ್ನೊಂದು ನಿಮಿಷ, ಸರಳು ಮಹಡಿಯ ನೆಲ ಮುಟ್ಟಿದ ಸದ್ದು ಏಣಿಯ ಕಂಬದೊಳಗಿಂದ ಹತ್ತಿ ನನ್ನ ಕುರ್ಚಿಗೆ ಬಂತು. ಇಳಿದೆ, ಹೇಗೆ ಇಳಿದೆನೋ, ಪ್ಯಾಂಟು ಪೂರ್ತಿ ಹಾಳಾಗಿತ್ತು, ಗಂಟ್ಲು ತನ್ನ ಜಾಕೆಟ್ಟು ಬಿಚ್ಚಿ ನನ್ನ ಸೊಂಟಕ್ಕೆ ಕಟ್ಟಿದ, ತೋಳುಗಳನ್ನು ಮುಂದೆ ಗಂಟು ಹಾಕಿದ, ಎಲ್ಲಿಗೆ ಬಿಡ್ಲಿ ಅಂದ, ಮನೆಗೆ ಅನ್ನಬೇಕೆಂದು ಬಾಯಿ ತೆರೆದೆ, ಆಸ್ಪತ್ರೆಗೆ ಅಂದಿತು ಬಾಯಿ.

ಇದೇ ಕುರ್ಚಿ. ಜಾಕೆಟ್ಟು ಸುತ್ತಿಕೊಂಡೇ ನಿಂತಿದ್ದೆ, ಕೂತ್ಕೊಳ್ಳಿ ಅಂದರು ಡೈರಿ ಮೇಡಂ, ಕೊಳೆಯಾಗುತ್ತೆ ಅಂದೆ, ತೊಳೆದ್ರೆ ಹೋಗುತ್ತೆ ಕೂತ್ಕೊಳ್ಳಿ ಅಂದರು, ನಾನು ಡೈರಿಯಲ್ಲಿ ಸುಳ್ಳು ಬರ್ದಿದೀನಿ ಮೇಡಂ, ಆರು ವಾರದ್ದು ಎಲ್ಲಾ ಸುಳ್ಳು ಅಂದೆ. ಬೈಯುತ್ತಾರೆ ಅಂದುಕೊಂಡೆ, ಬೈದಿದ್ದರೆ ಒಳ್ಳೆಯದಿತ್ತು, ಅವರು ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ಹಾಕಿ ತೆಗೆದು ಹಾಕಿ ತೆಗೆದು ಮಾಡಿದರು, ಆಮೇಲೆ ಅಂದರು, ನಿಮ್ಮ ಸೊನ್ನೆ ನಿಮ್ಮೊಬ್ಬರದಲ್ಲ, ಇನ್ನೂರು ಜನದ ಅಂಕಿಗೆ ಸೇರುತ್ತೆ ಅದು, ಈ ಮಾತ್ರೆ ಕೆಲಸ ಮಾಡದೆ ಇದ್ರೂ ಮಾಡ್ತಿದೆ ಅಂತ ನಾವು ಬರೀತೀವಿ, ನಾಳೆ ಯಾರೋ ನಿಮ್ಮ ಹಾಗೇ ಇರೋರು ಅದನ್ನೇ ನಂಬಿ ನುಂಗ್ತಾರೆ. ನನಗೆ ಅದು ಹೊಳೆದೇ ಇರಲಿಲ್ಲ, ನನ್ನ ಗೂಡು, ನನ್ನ ಏಣಿ, ನನ್ನ ಪ್ಯಾಂಟು, ಇಷ್ಟರಲ್ಲೇ ಇದ್ದೆ, ಎರಡು ಟನ್ ಕಬ್ಬಿಣದ ಕೆಳಗೆ ಆರು ಜನರಿದ್ದರು ಅನ್ನುವುದು ಗೊತ್ತಿತ್ತು, ಒಂದು ಸೊನ್ನೆಯ ಕೆಳಗೂ ಜನ ನಿಂತಿರುತ್ತಾರೆ ಅನ್ನುವುದು ಗೊತ್ತಿರಲಿಲ್ಲ. ಹಾಳೆ ಹರಿದು ಹೊಸದಾಗಿ ಬರೆದುಕೊಡ್ತೀನಿ ಅಂದೆ, ಬೇಡ, ಹರಿಯೋ ಹಾಗಿಲ್ಲ, ಬಿಳಿ ಹಚ್ಚೋ ಹಾಗೂ ಇಲ್ಲ, ತಪ್ಪಿನ ಮೇಲೆ ಒಂದೇ ಒಂದು ಗೆರೆ ಎಳೀರಿ, ಕೆಳಗಿರೋದು ಕಾಣ್ಬೇಕು, ಪಕ್ಕದಲ್ಲಿ ನಿಜ ಬರೀರಿ, ಇವತ್ತಿನ ತಾರೀಖು ಹಾಕಿ ಸಹಿ ಮಾಡಿ ಅಂದರು. ಎಳೆದೆ. ಆದರೆ ನಿಜ ಏನು, ಯಾವ ದಿನ ಐದು ಯಾವ ದಿನ ಒಂಬತ್ತು, ಸುಳ್ಳು ಮಾತ್ರ ಅಚ್ಚುಕಟ್ಟಾಗಿ ಇತ್ತು, ನಿಜವನ್ನು ನಾನು ಎಲ್ಲೂ ಬರೆದಿಟ್ಟಿರಲಿಲ್ಲ, ಪೆನ್ನು ಹಿಡಿದು ಮಿಕಮಿಕ ನೋಡಿದೆ, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅಂತಲೇ ಬರೀರಿ, ಅದೂ ನಿಜಾನೇ ಅಂದರು.

ಮನೆಗೆ ಹೋಗಿ ಹೆಂಡತಿಗೆ ಹೇಳಿದೆ, ಅವಳು ಅಳಲಿಲ್ಲ, ಕೂಗಲಿಲ್ಲ, ಅಡುಗೆಮನೆಯ ಬಾಗಿಲ ಹಿಂದಿನ ಕ್ಯಾಲೆಂಡರನ್ನು ಮೊಳೆಯಿಂದ ತೆಗೆದು ನನ್ನ ಮುಂದಿಟ್ಟಳು, ಒಂದೊಂದು ತಾರೀಖಿನ ಮನೆಯಲ್ಲೂ ಪೆನ್ಸಿಲಿನ ಸಣ್ಣ ಸಣ್ಣ ಗೀಟು, ನಾಲ್ಕು, ಏಳು, ಆರು, ಏನಿದು ಅಂದೆ, ಬಚ್ಚಲ ಚಿಲಕದ ಸದ್ದು ಅಂದಳು, ನೀವು ಹಾಕಿದಾಗ ಒಂದು, ತೆಗೆದಾಗ ಒಂದು, ಎರಡು ಸೇರಿಸಿ ಒಂದು ಗೀಟು ಹಾಕ್ತಿದ್ದೆ, ಮನೇಲಿ ಆಗಿದ್ದು ಅಷ್ಟೇ ಗೊತ್ತು, ಕೆಲಸದ ಕಡೆ ಎಷ್ಟು ಅಂತ ನನಗೆ ಹೇಗೆ ಗೊತ್ತಾಗ್ಬೇಕು. ಯಾಕೆ ಕೇಳಲಿಲ್ಲ ನೀನು ಅಂದೆ. ಕೇಳಿದ್ರೆ ನೀವು ಚಿಲಕ ಹಾಕೋದನ್ನೂ ಬಿಡ್ತಿದ್ರಿ. ಆ ಕ್ಯಾಲೆಂಡರನ್ನು ಸುರುಳಿ ಸುತ್ತಿ ತಂದು ಮೇಡಂಗೆ ಕೊಟ್ಟೆ, ಅವರು ಒಂದೊಂದೇ ತಿಂಗಳನ್ನು ಇದೇ ಯಂತ್ರದಲ್ಲಿ ಪ್ರತಿ ತೆಗೆದು, ಮನೆಯಲ್ಲಿ ಎಣಿಸಿದ್ದು, ಎಣಿಸಿದವರು ಪತ್ನಿ ಅಂತ ಬರೆದು ಫೈಲಿಗೆ ಸೇರಿಸಿದರು, ಹದಿನೈದು ವರ್ಷದಲ್ಲಿ ಇಷ್ಟು ಚೆನ್ನಾಗಿರೋ ದಾಖಲೆ ನಾನು ನೋಡಿಲ್ಲ, ಅವರಿಗೆ ಹೇಳಿ ಅಂದರು, ಹೇಳಿದೆ, ಅವಳು ಹೂಂ ಅಂದಳು, ಆ ದಿನ ಮೂರು ಸಲ ಕ್ಯಾಲೆಂಡರಿನ ಮೊಳೆ ಸರಿಮಾಡಿದಳು.

ಅದೇ ವಾರ ಒಳಗೆ ಕ್ಯಾಮೆರಾ ಬಿಟ್ಟು ನೋಡಿದರು, ಎಡಗಡೆ ಕರುಳು ಒಂದು ಕಡೆ ಸಣ್ಣಗಾಗಿಬಿಟ್ಟಿದೆ, ನಳಿಕೆ ಆಚೆ ಹೋಗಲಿಲ್ಲ ಅಂದರು, ಹಳೆಯ ಕಾಯಿಲೆಯಲ್ಲಿ ಹಾಗೆ ಸಣ್ಣಗಾದರೆ ಅನುಮಾನ ಪಡಲೇಬೇಕಂತೆ, ಚೂರು ತೆಗೆದು ಕಳಿಸಿದರು, ಅದು ಕ್ಯಾನ್ಸರೋ ಅಲ್ಲವೋ ಎರಡೂ ಹೇಳಕ್ಕಾಗಲ್ಲ, ಹುಣ್ಣು ಇಷ್ಟು ಕೆರಳಿರುವಾಗ ಎಲ್ಲಾ ಜೀವಕೋಶಗಳೂ ಕೆಟ್ಟದಾಗೇ ಕಾಣ್ತವೆ, ಮೊದ್ಲು ಬೆಂಕಿ ಆರಿಸೋಣ, ಮೂರು ತಿಂಗಳು ಬಿಟ್ಟು ಮತ್ತೆ ನೋಡೋಣ ಅಂದರು ಡಾಕ್ಟರು. ನೀಲಿ ಮಾತ್ರೆ ನಿಂತಿತು, ಅಧ್ಯಯನದಿಂದ ಹೊರಗೆ ಬಿದ್ದೆ, ನಂಬರು ಮಾತ್ರ ಉಳಿಯಿತು, ಯಾವುದಕ್ಕೆ ಅಷ್ಟು ಹೆದರಿದ್ದೆನೋ ಅದು ಆಯಿತು, ಆದಮೇಲೆ ನೋಡಿದರೆ ಅದು ಒಂದು ಬಾಗಿಲು ಅಷ್ಟೇ, ಅದರಾಚೆ ಬೇರೆ ಔಷಧಿ ಇತ್ತು, ಕೈಯ ನರಕ್ಕೆ ಹನಿ ಹನಿಯಾಗಿ ಬಿಡುವುದು, ಎರಡು ಗಂಟೆ ಹಾಸಿಗೆಯಲ್ಲಿ ಮಲಗಿ ನೋಡುತ್ತಿರಬೇಕು, ಮೂರನೇ ಸಲಕ್ಕೆ ರಕ್ತ ನಿಂತಿತು, ನಿಂತಿದ್ದನ್ನು ನಿಂತಿತೆಂದೇ ಬರೆದೆ, ಈಗ ನನಗೆ ಡೈರಿ ಬರೆಯಲು ಯಾರೂ ಹೇಳಿಲ್ಲ, ಆದರೂ ಬರೆಯುತ್ತೇನೆ. ಮೂರು ತಿಂಗಳು ಹೇಗೆ ಕಳೆದೆವೋ, ನಾನು ಸಿಮೆಂಟ್ ಚೀಲದ ಲೆಕ್ಕದಲ್ಲಿ ಆರರ ನಂತರ ಎಂಟು ಅಂದೆ, ಅವಳು ಕಾರ್ಖಾನೆಯಲ್ಲಿ ತೋಳಿಲ್ಲದ ಅಂಗಿಯೊಂದನ್ನು ಸರಿಯಿದೆ ಅಂತ ಬಿಟ್ಟುಬಿಟ್ಟಳಂತೆ, ಹೇಳಿಕೊಂಡು ನಕ್ಕೆವು, ನಗು ಅರ್ಧಕ್ಕೇ ನಿಂತಿತು, ಕಳೆದ ವಾರ ಮತ್ತೆ ಕ್ಯಾಮೆರಾ, ಮತ್ತೆ ಹನ್ನೆರಡು ಸಾಸಿವೆ — ಬಾಗಿಲು ತೆರೆಯಿತು, ಮೇಡಂ, ಅವರ ಹಿಂದೆ ಡಾಕ್ಟರು.

ಡಾಕ್ಟರು ನಿಂತೇ ಹೇಳಿದರು, ಕೂತು ಹೇಳಿದರೆ ಕೆಟ್ಟ ಸುದ್ದಿ ಅಂತ ಗಂಟ್ಲು ಹೇಳಿದ್ದ, ಇವರು ಕೂರಲಿಲ್ಲ, ಇಲ್ಲ ಅಂದರು, ಹನ್ನೆರಡರಲ್ಲೂ ಇಲ್ಲ, ಇಬ್ಬರು ಬೇರೆ ಬೇರೆಯಾಗಿ ನೋಡಿದ್ದಾರೆ, ಕ್ಯಾನ್ಸರ್ ಇಲ್ಲ, ಅದಕ್ಕೆ ಮೊದಲು ಬರೋದೂ ಇಲ್ಲ, ಆಗ ಸಣ್ಣಗಾಗಿದ್ದು ಊತದಿಂದ, ಊತ ಇಳಿದಿದೆ, ನಳಿಕೆ ಸಲೀಸಾಗಿ ಆಚೆ ಹೋಯ್ತು. ನಾನು ಇನ್ನೊಂದ್ಸಲ ಹೇಳಿ ಅಂದೆ, ಅವರು ಇನ್ನೊಂದು ಸಲ ಹೇಳಿದರು, ಬೇಸರ ಮಾಡಿಕೊಳ್ಳದೆ ಅಷ್ಟೇ ನಿಧಾನವಾಗಿ, ಮತ್ತೆ ಹನ್ನೆರಡು ಬಾರಿ ಕೇಳಿದ್ದರೂ ಹೇಳುತ್ತಿದ್ದರೇನೋ, ವರ್ಷಕ್ಕೊಂದು ಸಲ ನೋಡಿಸ್ಕೊಳ್ಳಲೇಬೇಕು, ಈ ಕಾಯಿಲೆ ಹೋಗೋದಲ್ಲ, ಜೊತೇಲೇ ಇರೋದು, ಆರು ತಿಂಗಳು ಹೀಗೇ ಇದ್ರೆ ಕ್ರೇನ್ ಹತ್ತೋಕೆ ಪತ್ರ ಕೊಡ್ತೀನಿ ಅಂದರು, ಹೂಂ ಅಂದೆ, ವಿಚಿತ್ರ ಅಂದರೆ ಪತ್ರದ ಮಾತು ಕಿವಿಗೆ ಬಿತ್ತು, ಒಳಗೆ ಹೋಗಲಿಲ್ಲ, ಕೊಟ್ಟರೆ ಹತ್ತುತ್ತೇನೆ, ಕೊಡದಿದ್ದರೆ ಕೆಳಗೆ ಗಂಟ್ಲುವಿನ ಪಕ್ಕ ನಿಲ್ಲುತ್ತೇನೆ. ಆ ನೀಲಿ ಮಾತ್ರೆ ಯಾವುದಾಗಿತ್ತು ಅಂತ ಮೇಡಂ ಅವರನ್ನು ಕೇಳಿದೆ, ನಿಜದ್ದೋ ಸುಣ್ಣವೋ, ನನಗೂ ಗೊತ್ತಿಲ್ಲ, ಎಲ್ಲಾ ಮುಗಿದ ಮೇಲೆ ಬಿಚ್ಚುತ್ತಾರೆ ಅಂದರು, ಆಮೇಲೆ ಫೈಲು ಮುಚ್ಚುತ್ತಾ, ನನ್ನ ಕಡೆ ನೋಡದೆ, ನೀವು ಹೇಳಿದ್ಮೇಲೆ ನಾವು ಎಲ್ಲಾ ಆಸ್ಪತ್ರೆಗಳಿಗೂ ಬರೆದ್ವಿ, ಡಬ್ಬಿ ಮರೆತವರನ್ನು ಮತ್ತೆ ಕರೆದು ನೋಡಿ ಅಂತ, ಇಬ್ಬರು ಸಿಕ್ಕರು, ನಿಮ್ಮ ಹಾಗೇ ಸೊನ್ನೆ ಬರ್ದಿದ್ದೋರು, ಒಬ್ಬರಿಗೆ ಬೇಗ ಆಪರೇಷನ್ ಆಯ್ತು, ಈಗ ಚೆನ್ನಾಗಿದ್ದಾರೆ ಅಂದರು. ಅವರು ಯಾರೋ, ಗಂಡಸೋ ಹೆಂಗಸೋ, ಅವರ ಮನೆಯಲ್ಲೂ ಯಾರಾದರೂ ಚಿಲಕ ಎಣಿಸುತ್ತಿದ್ದರೋ. ನಿಮ್ಮ ಚಪ್ಪಲಿ ಪಟ್ಟಿ ಕಿತ್ತಿದೆ ಮೇಡಂ ಅಂದೆ, ಅವರು ಕಾಲು ನೋಡಿಕೊಂಡು ಜೋರಾಗಿ ನಕ್ಕರು, ಡಾಕ್ಟರೂ ನಕ್ಕರು, ಒಂದು ಹಾಳೆ ಕೈಗೆ ಕೊಟ್ಟರು, ಇದು ನಿಮ್ಮದು, ಇಟ್ಕೊಳ್ಳಿ.

ಮೆಟ್ಟಿಲ ಮೇಲೆ ನಿಂತು ಹೆಂಡತಿಗೆ ಫೋನು ಮಾಡಿದೆ, ಒಂದೇ ರಿಂಗಿಗೆ ಎತ್ತಿದಳು, ಇಲ್ಲವಂತೆ ಅಂದೆ, ಅವಳ ಹಿಂದಿನ ಹೊಲಿಗೆ ಯಂತ್ರಗಳ ಸದ್ದೆಲ್ಲ ಒಮ್ಮೆಗೇ ಅಡಗಿತು, ಯಂತ್ರ ನಿಂತದ್ದಲ್ಲ, ಫೋನನ್ನು ಎದೆಗೆ ಒತ್ತಿಕೊಂಡಿದ್ದಳು, ಬಟ್ಟೆಯೊಳಗಿಂದ ದಬದಬ ಅನ್ನುವುದು ಕೇಳಿಸುತ್ತಿತ್ತು, ನಾನು ಕೇಳುತ್ತಾ ನಿಂತೆ, ಎಷ್ಟೋ ಹೊತ್ತಿನ ಮೇಲೆ ಸದ್ದು ವಾಪಸು ಬಂತು, ಏನಾದ್ರೂ ತಿಂದ್ರಾ ಅಂದಳು, ಇಲ್ಲ ಅಂದೆ, ತಿನ್ನಿ ಅಂದಳು, ಮೇಲ್ವಿಚಾರಕಿ ಬಂದ್ರು ಇಡ್ತೀನಿ ಅಂದಳು, ಯಾವ ಮೇಲ್ವಿಚಾರಕಿಯೂ ಬಂದಿರಲಿಕ್ಕಿಲ್ಲ. ಬ್ರೆಡ್ಡು ಕೊಂಡು ನಿಂತಲ್ಲೇ ತಿಂದೆ, ಎರಡು ತಿಂದೆ, ಶೌಚಾಲಯದ ಬಾಗಿಲು ಹತ್ತಿರದಲ್ಲಿದೆಯಾ ಅಂತ ನೋಡದೆ ತಿಂದೆ, ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತು ಹಾಳೆ ಬಿಚ್ಚಿದೆ, ಎರಡು ದುಂಡು ಚಿತ್ರ, ನನ್ನದೇ ಒಳಗು, ಒಂದೇ ಜಾಗ, ಎಡಗಡೆಯದು ಮೂರು ತಿಂಗಳ ಹಿಂದಿನದು, ಹಸಿಗಾಯದ ಕೆಂಪು, ನಡುವೆ ಪೆನ್ಸಿಲ್ ತೂರುವಷ್ಟು ಕಪ್ಪು ಚುಕ್ಕಿ, ಅದನ್ನು ಹೆಬ್ಬೆರಳಿನಿಂದ ಮುಚ್ಚಿದೆ, ಬಲಗಡೆಯದು ಕಳೆದ ವಾರದ್ದು, ಗುಲಾಬಿ, ಒದ್ದೆ, ಮಡಿಕೆಯ ಹಿಂದೆ ಮಡಿಕೆ ಮಡಿಕೆಯ ಹಿಂದೆ ಮಡಿಕೆ, ಕ್ಯಾಮೆರಾದ ಬೆಳಕು ಅಷ್ಟು ದೂರ ಹೋಗಿದೆ — ಗಂಟ್ಲುವಿಗೆ ಫೋನು ಮಾಡಬೇಕು, ಜಾಕೆಟ್ಟು ಇನ್ನೂ ನಮ್ಮ ಮನೆಯಲ್ಲೇ ಇದೆ, ಪಕ್ಕದ ಸೀಟಿನ ಅಜ್ಜಿ ಬಗ್ಗಿ ನೋಡಿ ಇದ್ಯಾವ ಗುಹೆಯಪ್ಪ ಅಂದರು, ನನ್ನದೇ ಅಜ್ಜಿ ಅಂದೆ, ಅವರಿಗೆ ಏನು ಅರ್ಥವಾಯಿತೋ, ಚೆನ್ನಾಗಿದೆ ಅಂದರು, ಹಾಳೆ ಮಡಿಚಿ ಜೇಬಿಗೆ ಇಟ್ಟೆ, ನಮ್ಮ ನಿಲ್ದಾಣ ದಾಟಿ ಹೋಯಿತೋ ಏನೋ, ಹೋಗಲಿ, ಮತ್ತೆ ತೆಗೆದೆ, ಗುಲಾಬಿ, ಒದ್ದೆ, ಎಲ್ಲೂ ಇಕ್ಕಟ್ಟಿಲ್ಲ, ಬಸ್ಸು ಕುಲುಕಿದಾಗ ಹಾಳೆಯ ಮೇಲೆ ಬಿಸಿಲು ಬಿದ್ದು ಎದ್ದು ಬಿದ್ದು, ಮಡಿಕೆಯ ಹಿಂದೆ ಮಡಿಕೆ, ಅದರ ಹಿಂದೆ ಇನ್ನೊಂದು, ತೆರೆದಿದೆ, ಅಲ್ಲಿಯವರೆಗೂ ತೆರೆದಿದೆ, ಗುಲಾಬಿ, ಒದ್ದೆ, ತೆರೆದಿದೆ